ದಾವಣಗೆರೆ ‘ರೀಚ್’ ಆದ್ರಾ, ‘ಅರೈವ್’ ಆದ್ರಾ?

ಚಿತ್ರದುರ್ಗದಲ್ಲಿ ಮಗನನ್ನು ಬಸ್ ಹತ್ತಿಸಿದ ಅಮ್ಮ ಹೇಳುವ ಕೊನೇ ಮಾತು, ‘ಮುಟ್ಟಿದ್ ಮೇಲೆ ಫೋನ್ ಮಾಡಪ್ಪ’. ಮಗ ದಾವಣಗೆರೆಯಲ್ಲಿ ಇಳಿದು ‘ರೀಚ್ಡ್’ ಅಂತ ಒಂದೇ ಪದ ವಾಟ್ಸಾಪ್ ಮಾಡುತ್ತಾನೆ. ಅಮ್ಮನಿಗೆ ಅಷ್ಟು ಸಾಕು. ಆದರೆ ಇಂಟರ್‌ವ್ಯೂನಲ್ಲೋ ಆಫೀಸಿನ ಮೇಲ್‌ನಲ್ಲೋ ‘ಐ ರೀಚ್ಡ್ ಟು ದಾವಣಗೆರೆ’ ಅಂದರೆ ಎಡವಟ್ಟು.

‘ರೀಚ್’ ಮತ್ತು ‘ಅರೈವ್’ ಎರಡಕ್ಕೂ ಶಾಲೆಯಲ್ಲಿ ‘ತಲುಪು’ ಅಂತಲೇ ಬರೆಸಿರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ‘ರೀಚ್’ಗೆ ನಮ್ಮ ಕಡೆಯ ‘ಮುಟ್ಟು’, ‘ಅರೈವ್’ಗೆ ಪೇಪರಿನವರ ‘ಬಂದಿಳಿ’ ಎಂದು ಇಟ್ಟುಕೊಳ್ಳಿ. ಅರ್ಧ ಕೆಲಸ ಸಲೀಸಾಗುತ್ತದೆ.

ಮೊದಲು ‘ರೀಚ್’

ಈ ಪದದ ಹಳೇ ಅರ್ಥ ಕೈ ಚಾಚುವುದು. ಮನೆಯಲ್ಲಿರುವ ಔಷಧಿ ಬಾಟಲಿ ತಿರುಗಿಸಿ ನೋಡಿ. ‘ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ. ಫೋನ್ ಸಿಗದಿದ್ದಾಗ ಬರುವ ‘ನಾಟ್ ರೀಚಬಲ್’ ಕೂಡ ಇದೇ ಮನೆತನದ್ದು.

ಚಾಚಿದ ಕೈ ಏನನ್ನಾದರೂ ಮುಟ್ಟಬೇಕು, ಅಲ್ವಾ? ಹಾಗಾಗಿ ‘ರೀಚ್’ ಆದ ಕೂಡಲೇ ಊರೋ ವಸ್ತುವೋ ಬಂದುಬಿಡಬೇಕು. ನಡುವೆ ‘ಟು’ಗೆ ಜಾಗವಿಲ್ಲ. ‘ಐ ರೀಚ್ಡ್ ದಾವಣಗೆರೆ’, ಅಷ್ಟೇ. ಆ ‘ಟು’ ಎಲ್ಲಿಂದ ನುಸುಳುತ್ತದೆ ಗೊತ್ತಾ? ನಮ್ಮ ‘ಗೆ’, ‘ಕ್ಕೆ’ಗಳಿಂದ. ‘ನಾಲೆಯ ಕೊನೇ ಭಾಗಕ್ಕೆ ಭದ್ರಾ ನೀರು ತಲುಪಿಲ್ಲ’ ಎಂದು ನಮ್ಮ ರೈತರು ಹೇಳುವುದು ಸರಿಯಾದ ಕನ್ನಡವೇ. ಇಂಗ್ಲಿಷಿಗೆ ಹೊರಟಾಗ ಆ ‘ಕ್ಕೆ’ಯನ್ನು ಇಲ್ಲೇ ಬಿಟ್ಟು ಹೋಗಬೇಕು: ‘ದ ವಾಟರ್ ಹ್ಯಾಸ್ ನಾಟ್ ರೀಚ್ಡ್ ದ ಟೇಲ್ ಎಂಡ್’.

‘ರೀಚ್’ನಲ್ಲಿ ಒಂಚೂರು ಶ್ರಮದ ವಾಸನೆಯೂ ಇದೆ. ದುರ್ಗದ ಕೋಟೆಯಲ್ಲಿ ಬಂಡೆ ಹಿಡಿದು ತುಪ್ಪದ ಕೊಳದ ಬತೇರಿ ಹತ್ತಿದವರು ‘ವಿ ರೀಚ್ಡ್ ದ ಟಾಪ್’ ಅಂದರೇ ಚೆಂದ. ‘ಅರೈವ್ಡ್ ಅಟ್ ದ ಟಾಪ್’ ಅಂದರೆ ತಪ್ಪೇನಿಲ್ಲ. ಆದರೆ ಯಾರೋ ಹೊತ್ತು ತಂದು ಇಳಿಸಿದ ಹಾಗೆ ಕೇಳುತ್ತದೆ.

ಅಂಕಿಗಳಿಗೂ ‘ರೀಚ್’ ಬೇಕು. ಹಿರಿಯೂರಿನ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ‘ದ ವಾಟರ್ ಲೆವೆಲ್ ರೀಚ್ಡ್ 130 ಫೀಟ್’ ಅನ್ನಬೇಕು. ಇಲ್ಲಿ ‘ಅರೈವ್’ ನಡೆಯುವುದೇ ಇಲ್ಲ.

ಆಮೇಲೆ ‘ಅರೈವ್’

ಇದು ಲ್ಯಾಟಿನ್ ಮೂಲದ್ದು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಮೂಲದಲ್ಲಿ ದಡ ಸೇರುವುದು ಎಂದರ್ಥ. ಹಡಗಿನಿಂದ ಇಳಿದವರ ಮಾತು. ಸಮುದ್ರವಿಲ್ಲದ ನಮಗೆ ರೈಲ್ವೆ ಸ್ಟೇಷನ್ನೇ ದಡ. ದಾವಣಗೆರೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಮೈಕಿನಲ್ಲಿ ಬರುವ ‘ಅರೈವಿಂಗ್’ ಕೇಳಿರುತ್ತೀರಿ. ಟೈಮ್‌ಟೇಬಲ್ಲಿನಲ್ಲೂ ‘ಅರೈವಲ್’ ಕಾಲಂ ಇರುತ್ತದೆ. ‘ರೀಚ್’ ಕಾಲಂ ಇರುವುದಿಲ್ಲ.

‘ಅರೈವ್’ ಒಂಟಿಯಾಗಿ ನಿಲ್ಲಬಲ್ಲದು. ‘ದ ಟ್ರೈನ್ ಹ್ಯಾಸ್ ಅರೈವ್ಡ್’, ಮಾತು ಮುಗಿಯಿತು. ‘ದ ಟ್ರೈನ್ ಹ್ಯಾಸ್ ರೀಚ್ಡ್’ ಅಂದರೆ ‘ಎಲ್ಲಿಗೆ?’ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ವಾಟ್ಸಾಪಿನ ಒಂಟಿ ‘ರೀಚ್ಡ್’ ಭಾರತದ ಇಂಗ್ಲಿಷ್. ಮನೆಮಂದಿಗೆ ಧಾರಾಳವಾಗಿ ಕಳಿಸಿ, ಅದನ್ನು ತಿದ್ದುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ ಮಾತ್ರ ಬೇಡ.

ಜಾಗದ ಹೆಸರು ಸೇರಿಸುವುದಾದರೆ ‘ಅರೈವ್’ಗೆ ಒಂದು ಕೊಂಡಿ ಬೇಕು. ಊರು, ದೇಶವಾದರೆ ‘ಇನ್’: ‘ಶಿ ಅರೈವ್ಡ್ ಇನ್ ಚಿತ್ರದುರ್ಗ’. ಬಸ್ ಸ್ಟ್ಯಾಂಡು, ಕಾಲೇಜು, ಮದುವೆ ಛತ್ರವಾದರೆ ‘ಅಟ್’. ರೈಲಿನ ಲೆಕ್ಕದಲ್ಲಿ ಊರು ಅಂದರೆ ಒಂದು ಸ್ಟೇಷನ್ ಅಷ್ಟೇ. ಹಾಗಾಗಿ ‘ಅರೈವ್ಸ್ ಅಟ್ ದಾವಣಗೆರೆ’ಯೂ ಸರಿ. ‘ಟು’ ಇಲ್ಲೂ ಬರುವುದಿಲ್ಲ. ‘ಹೋಮ್’, ‘ಹಿಯರ್’, ‘ದೇರ್’ ಮುಂದಿದ್ದರೆ ಯಾವ ಕೊಂಡಿಯೂ ಬೇಡ: ‘ಅರೈವ್ಡ್ ಹೋಮ್’.

ಕೂತಲ್ಲೇ ಅಭ್ಯಾಸ

ದಿನಾ ಓಡಾಡುವ ದಾರಿಯಲ್ಲೇ ವಾಕ್ಯ ಕಟ್ಟಿ. ದುರ್ಗದಿಂದ ದಾವಣಗೆರೆಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಇಳಿದಿರಿ ಅಂದುಕೊಳ್ಳಿ. ‘ಐ ರೀಚ್ಡ್ ದ ಬಸ್ ಸ್ಟ್ಯಾಂಡ್ ಅಟ್ ನೈನ್’. ಅದನ್ನೇ ತಿರುಗಿಸಿ: ‘ಐ ಅರೈವ್ಡ್ ಅಟ್ ದ ಬಸ್ ಸ್ಟ್ಯಾಂಡ್ ಅಟ್ ನೈನ್’. ಮೊದಲನೆಯದರಲ್ಲಿ ‘ಅಟ್’ ಒಂದೇ ಸಲ, ಅದು ಗಂಟೆಯದ್ದು. ಎರಡನೆಯದರಲ್ಲಿ ಎರಡು ಸಲ. ಬಾಯಿ ಬಿಟ್ಟು ಹೇಳಿ. ಮನಸ್ಸಿನಲ್ಲೇ ಓದಿಕೊಂಡರೆ ‘ಟು’ ಮತ್ತೆ ಬಂದು ಕೂರುತ್ತದೆ.

ಮಳೆಗಾಲಕ್ಕೆ ಎರಡೂ ಸಲ್ಲುತ್ತವೆ. ಜೂನ್ ಮೊದಲ ದಿನಗಳ ಸುದ್ದಿ ಗಮನಿಸಿ: ‘ದ ಮಾನ್ಸೂನ್ ಹ್ಯಾಸ್ ರೀಚ್ಡ್ ಕೇರಳ’, ‘ದ ಮಾನ್ಸೂನ್ ಹ್ಯಾಸ್ ಅರೈವ್ಡ್’. ಮಗು ಹುಟ್ಟಿದ್ದಕ್ಕೆ ಮಾತ್ರ ‘ಅರೈವ್ಡ್’ ಒಂದೇ. ತೀರ್ಮಾನದ ವಿಷಯಕ್ಕೆ ಯಾವುದಾದರೂ ಆಗುತ್ತದೆ, ‘ರೀಚ್ ಎ ಡಿಸಿಷನ್’ ಅಥವಾ ‘ಅರೈವ್ ಅಟ್ ಎ ಡಿಸಿಷನ್’. ಎರಡನೆಯದು ಸ್ವಲ್ಪ ಕಚೇರಿ ಭಾಷೆ. ಮೊದಲನೆಯದೇ ನಾಲಿಗೆಗೆ ಸುಲಭ.