ಬೀಗ ಕಂಡು ಬರೆದ ಒಂದು ಸಾಲು

ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಅಪ್ಪ ಹೊಡೆದನೆಂದು ಸಿಟ್ಟು ಮಾಡಿಕೊಂಡು ಪುಣೆಯ ಶಿವಾಜಿನಗರದಲ್ಲಿ ಲೋಕಲ್ ರೈಲು ಹತ್ತಿ ಲೋಣಾವಳ ಮುಟ್ಟಿದ್ದ. ರೈಲ್ವೆ ಪೊಲೀಸರು ಮರುದಿನ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. 24 ಗಂಟೆಯೊಳಗೆ ಹಾಜರುಪಡಿಸಬೇಕು ಎನ್ನುತ್ತದೆ ಕಾಯ್ದೆ. ನಾನು ಓಡಿಕೊಂಡು ಹೋದೆ. ಮಗ ಕಣ್ಣೆದುರೇ ಕೂತಿದ್ದ, ಆದರೆ ಕೊಡಲಿಲ್ಲ. ಮನೆ ನೋಡಿದ ವರದಿ ಬರಲಿ ಎಂದರು. ಹೊಡೆದದ್ದು ಸುಳ್ಳಲ್ಲ, ಹಾಗಾಗಿ ನಾನು ಜಗಳ ತೆಗೆಯಲಿಲ್ಲ. ವಿಚಾರಿಸದೆ ಮಗುವನ್ನು ಕೊಡಲೂಬಾರದು.

ಮನೆ ನೋಡುವವರು ಬಂದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಗಂಡ ಏಳಕ್ಕೇ ವಾರ್ಜೆಯ ಮಜೂರ ಅಡ್ಡಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಜಾಗದಲ್ಲಿ, ನಿಂತಿರುತ್ತಾನೆ, ನನಗೆ ಕೋಥರೂಡಿನಲ್ಲಿ ಮೂರು ಮನೆ ಅಡಿಗೆ. ಬೀಗ ಕಂಡು, ‘ಕುಟುಂಬ ಸ್ಥಳದಲ್ಲಿಲ್ಲ’ ಎಂದು ಬರೆದು ಹೋದರು. ಆ ಒಂದು ಸಾಲಿನಿಂದ ಮಗ ಇನ್ನೂ ಐದು ವಾರ ಬಾಲಗೃಹದಲ್ಲೇ ಉಳಿದ. ಸಾಲದ್ದಕ್ಕೆ ನಮ್ಮ ಆಧಾರ್‌ನಲ್ಲಿ ಊರಿನ ವಿಳಾಸ. ಕಡತವನ್ನು ವಿಜಯಪುರಕ್ಕೆ ಕಳಿಸಬೇಕಾಗಬಹುದು ಎಂದರು.

ದಾರಿ ಹೇಳಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ, ಆದಾಯದ ದಾಖಲೆ ಬೇಕಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮನೆ ನೋಡಿ ಬರೆಯುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಸಮಿತಿಯ ಕೊನೆಯ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು, ಮಗುವನ್ನು ಗೃಹದಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಇದನ್ನೆಲ್ಲ ಕೇಳಿದ್ದೇ ಅವತ್ತು. ಅರ್ಜಿ ಬರೆದೆ: ಸಂಜೆ ಆರರ ಮೇಲೆ ಮತ್ತು ಭಾನುವಾರ ಇಡೀ ದಿನ ಮನೆಯಲ್ಲಿರುತ್ತೇವೆ, ಪಕ್ಕದ ಮನೆಯವರ ನಂಬರ್ ಇದು. ಬಾಡಿಗೆ ಕರಾರು, ಮಗ ಅಲ್ಲೇ ಓದುತ್ತಾನೆಂಬ ಶಾಲೆಯ ಬೋನಾಫೈಡ್ ಪತ್ರ ಲಗತ್ತಿಸಿದೆ. ಅರ್ಜಿ ಮುಟ್ಟಿದ್ದಕ್ಕೆ ಗುರುತಾಗಿ ನನ್ನ ಪ್ರತಿಯ ಮೇಲೆ ಸಿಕ್ಕಾ ಒತ್ತಿಸಿಕೊಂಡೆ. ಅದಕ್ಕೆ ಇಲ್ಲಿ ಪೋಚ್ ಅನ್ನುತ್ತಾರೆ. ಪೋಚ್ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮಗನ ಅಪ್ಪ ಇನ್ನು ಕೈ ಎತ್ತುವುದಿಲ್ಲವೆಂದು ಸಮಿತಿಗೆ ಬರೆದುಕೊಟ್ಟ. ಮಗ ಮನೆಗೆ ಬಂದ.

ಆಮೇಲೆ ಒಬ್ಬೊಬ್ಬರೇ ಕೇಳಿಕೊಂಡು ಬರತೊಡಗಿದರು. ಯಾದಗಿರಿಯಿಂದ ಹೊಸದಾಗಿ ಬಂದ ತಾಯಿಯೊಬ್ಬಳು ನಡುಗುತ್ತಿದ್ದಳು: “ಯಕ್ಕಾ, ಮನಿ ಚೌಕಶಿ ಮಾಡ್ತೀವಿ ಅಂದಾರ. ಎಷ್ಟು ರೊಕ್ಕಕ್ಕ ಚೌಕಾಶಿ ಮಾಡ್ತಾರಬೇ?” ಮರಾಠಿಯಲ್ಲಿ ಚೌಕಶಿ ಅಂದರೆ ವಿಚಾರಣೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ನಗುವೂ ಬಂತು, ಅಳುವೂ ಬಂತು. ಮಗುವನ್ನು ಬಿಡಿಸಲು ಆಕೆ ತಾಳಿ ಅಡವಿಡಲು ಹೊರಟಿದ್ದಳು. ಅಂದಿನಿಂದ ಯಾರನ್ನೂ ಒಬ್ಬರನ್ನೇ ಕಳಿಸುವುದಿಲ್ಲ. ಇದೇ ಹಾದಿ ತುಳಿದ ಒಬ್ಬ ತಾಯಿ ಜೊತೆಗೆ ಹೋಗುತ್ತಾಳೆ, ಒಳಗೆ ಬಿಡದಿದ್ದರೆ ಬಾಗಿಲಲ್ಲಿ ಕೂರುತ್ತಾಳೆ.

ಒಮ್ಮೆ ಅಧಿಕಾರಿಗಳು ಪಾಲಕರನ್ನು ಕರೆದು ಏನು ಬದಲಾಗಬೇಕೆಂದು ಕೇಳಿದರು. ಬರುವ ಮೊದಲು ಫೋನ್ ಮಾಡಿ ಎಂದೆ. “ಮೊದಲೇ ಹೇಳಿದರೆ ಮುಚ್ಚಿಡ್ತೀರಿ,” ಎಂದರು ಒಬ್ಬರು. ಆ ಮಾತಲ್ಲೂ ಹುರುಳಿದೆ. ಏಟು ತಿನ್ನುವ ಮಗುವಿನ ಮನೆಗೆ ಹೇಳದೇ ಹೋಗುವುದೇ ಒಳ್ಳೆಯದು. ಆದರೆ ಕೂಲಿಯವರ ಮನೆಗೆ ಹಗಲು ಬೀಗ ಇದ್ದರೆ ಅದು ಹೊಟ್ಟೆಪಾಡು, ಅಪರಾಧವಲ್ಲ ಎಂದೆ. ಎಳೆದಾಡಿ ಒಂದು ಮಾತಿಗೆ ಬಂದೆವು: ಬೀಗ ಕಂಡರೆ ಸಂಜೆಯೋ ಭಾನುವಾರವೋ ಮತ್ತೊಮ್ಮೆ ಹೋಗಬೇಕು, ಅಕ್ಕಪಕ್ಕದವರನ್ನು ಕೇಳಿ ಬರೆಯಬೇಕು.

ಇದು ಯಾವ ಸುತ್ತೋಲೆಯಲ್ಲೂ ಇಲ್ಲ, ಬಾಯಿಮಾತು. ಸಿಬ್ಬಂದಿ ಬದಲಾದಾಗಲೆಲ್ಲ ಮೊದಲಿನಿಂದ ಹೇಳಬೇಕು. ಹೋದ ತಿಂಗಳು ಹೊಸಬರೊಬ್ಬರು ಬಂದಿದ್ದಾರೆ. ನಾಳೆ ಯಾದಗಿರಿಯವಳನ್ನು ಕರೆದುಕೊಂಡು ಹೋಗಬೇಕು. ಮೂರನೆಯ ಮನೆಗೆ ರಜೆ ಹೇಳಿದ್ದೇನೆ.