ಪೇಪರ್ ನರಸಿಂಹ ಬೆವರಿಗೆ ಕರಗಲಿಲ್ಲ: ನನ್ನ ಅನುಭವ

ಪ್ರಹ್ಲಾದ ನಾಟಕಕ್ಕೆ ನರಸಿಂಹನ ಮುಖವಾಡ ಪೇಪರಲ್ಲಿ ಮಾಡ್ತೀನಿ ಅಂದಾಗ ನಮ್ಮ ತುರುವೇಕೆರೆ ಕಡೆ ಹಾರ್ಮೋನಿಯಂ ಮೇಷ್ಟ್ರು "ಲೇ, ಬೆವರಿಗೆ ಮುದ್ದೆ ಆಗೋಯ್ತದೆ ಕಣೋ" ಅಂದಿದ್ರು. ಈಗ ತಿಪಟೂರು, ಚಿಕ್ಕನಾಯಕನಹಳ್ಳಿ ತಂಡದೋರೂ ಅದನ್ನೇ ಬಾಡಿಗೆಗೆ ಕೇಳ್ತಾರೆ, ಅದಕ್ಕೇ ಬರೀತಿದ್ದೀನಿ.

ಫೈಬರ್ ಮುಖ ಕೆಜಿ ಮೇಲೆ ತೂಗ್ತಿತ್ತು, ಬಾಯಿ ಮುಚ್ಚಿರೋದ್ರಿಂದ ಕಂದಪದ್ಯ ಮೈಕಿಗೆ ಸಿಗ್ತಿರಲಿಲ್ಲ. ಪಿಒಪಿದು (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಂಬದಿಂದ ಹೊರಗೆ ಬರೋ ಸೀನಲ್ಲಿ ಪ್ಲೈವುಡ್‌ಗೆ ತಗುಲಿ ಮೂತಿನೇ ಕಿತ್ತೋಯ್ತು, ಎರಡು ಸಾವಿರ ಹೋಯ್ತು.

ದಾರಿ ಸಿಕ್ಕಿದ್ದು ಪಶ್ಚಿಮ ಬಂಗಾಳದ ಪುರುಲಿಯಾ ಕಡೆ ಛೌ ಅನ್ನೋ ಕುಣಿತದ ಮುಖವಾಡದಿಂದ. ಅಲ್ಲಿನ ಚರಿದಾ ಊರಲ್ಲಿ ಜೇಡಿಮಣ್ಣಿನ ಅಚ್ಚಿನ ಮೇಲೆ ಸಣ್ಣ ಬೂದಿ ಉದುರಿಸಿ 8-10 ಪದರ ಪೇಪರ್ ಅಂಟಿಸ್ತಾರೆ, ಆಮೇಲೆ ಮಣ್ಣು, ಬಟ್ಟೆ. ಆದ್ರೆ ಛೌ ಕುಣಿಯೋರು ಮಾತಾಡಲ್ಲ, ಪೂರ್ತಿ ಮುಖ ಮುಚ್ಚಿದ್ರೂ ನಡೀತದೆ, ನಮ್ಮೋರು ಹಾಡಬೇಕಲ್ಲ. ಇಟಲಿಯ ಕೊಮೆದಿಯಾ ದೆಲ್ಲಾರ್ತೆ ಅನ್ನೋ ಹಾಸ್ಯ ನಾಟಕದ ನಟರು 16ನೇ ಶತಮಾನದಲ್ಲೇ ಬಾಯಿ ಬಿಟ್ಟು ಅರ್ಧ ಮುಖಕ್ಕೆ ಚರ್ಮದ ಮುಖವಾಡ ಹಾಕ್ತಿದ್ರು, ನಾನೂ ಮುಖವಾಡನ ಮೂಗಿನ ಕೆಳಗೆ ಕತ್ತರಿಸಿ ಪಾತ್ರದೋರ ದವಡೆಗೆ ಬಣ್ಣ ಬಳಿಸ್ದೆ. ಘರ್ಜನೆ ಕೊನೇ ಸಾಲಿಗೂ ಕೇಳ್ತು.

ಕಾಟ ಕೊಟ್ಟಿದ್ದು ಅಂಟು. ಮೈದಾ ಅಂಟಿಗೆ ಮಳೆಗಾಲದಲ್ಲಿ ಬೂಷ್ಟು ಬಂತು, ಉಳಿದಿದ್ದು ಜಿರಲೆ ಪಾಲಾಯ್ತು. ಕೊನೆಗೆ ಕೈಗೆ ಬಂದಿದ್ದು ಹುಣಸೆ ಬೀಜ, ನಮ್ಮ ಕಡೆ ಅದಕ್ಕೇನು ಬರ? ಹುರಿದು, ಸಿಪ್ಪೆ ತೆಗೆದು, ಹಿಟ್ಟು ಮಾಡಿಸಿ ಗಂಜಿ ತರ ಕುದಿಸೋದು, ಬೂಷ್ಟು ಹಿಡೀದಂಗೆ ಹೊರಗಿನ ಪದರಕ್ಕೆ ಮಾತ್ರ ಚಿಟಿಕೆ ಮೈಲುತುತ್ತ. ಒಳಗೆ ಹಳೇ ಪಂಚೆ ಬಟ್ಟೆ, ಅದರ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಬೆವರು ತಡೆಯೋದು ಇದೇ. ಅರಗಿನ ಜೊತೆ ಇನ್ನೊಂದು ಸಾಮಾನು ಬೀಳ್ತದೆ, ಅದನ್ನ ಇಲ್ಲಿ ಬರೆಯಲ್ಲ.

ಜಪಾನಿನ ನೋ ಅನ್ನೋ ಹಳೇ ನಾಟಕದ ಮುಖವಾಡಕ್ಕೆ ಹಿನೋಕಿ ಮರದ ಮೇಲೆ ಚಿಪ್ಪಿನ ಪುಡಿ ಬಳೀತಾರೆ ಅಂತ ಗೊತ್ತಿತ್ತು, ನಾನೂ ಚಿಪ್ಪು ಪುಡಿ ಮಾಡಿ ಬಳಿದು ನೋಡ್ದೆ. ಪೇಪರ್ ಬಾಗ್ತದೆ, ಮರ ಬಾಗಲ್ಲ, ಕೆನ್ನೆ ಹತ್ರ ಬಿರುಕು ಬಿಡ್ತು. ಹಣೆಗೆ ಮಾತ್ರ ತೆಳ್ಳಗೆ ಬಳಿದಿದ್ದು ನಿಂತಿದೆ, ಫೋಕಸ್ ಲೈಟು ಹೊಡೆದ್ರೂ ಮಿಂಚಲ್ಲ.

ಖರ್ಚು ಸುಮಾರು ಆರ್ನೂರು ಏಳ್ನೂರು, ಫೈಬರ್‌ಗೆ ನಾಲ್ಕು ಸಾವಿರ ಕೇಳ್ತಾರೆ. ತೂಕ ಕಾಲು ಕೆಜಿ ಆಸುಪಾಸು. ನರಸಿಂಹನ ಪಾತ್ರದೋರು ಬೆಳಗಿನ ಜಾವದ ಸೀನ್‌ವರೆಗೂ ತೆಗೀದೆ ಕೂತಿದ್ರು. ಈಗ ಮೇಷ್ಟ್ರೇ ಹಿರಣ್ಯಕಶಿಪುಗೆ ಇದೇ ಥರ ಭುಜಕೀರ್ತಿ ಮಾಡ್ಕೊಡು ಅಂತ ಅಡ್ವಾನ್ಸ್ ಕೊಟ್ಟವ್ರೆ, ಶಿವರಾತ್ರಿ ಒಳಗೆ ಮುಗಿಸ್ಬೇಕು.