ಎರಡು ಕೋಣೆಯಲ್ಲಿ ಡಾಲಿ ಪಾರ್ಟನ್: ಒಂದು ಪ್ರದರ್ಶನ ಕಟ್ಟಿದ ನನ್ನ ಅನುಭವ

ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಹೆಸರು ನಮ್ಮ ಮನೆಗೆ ಬಂದದ್ದು ಹಾಡಿನಿಂದಲ್ಲ, ಅಂಚೆಯಿಂದ. ನಾವು ಅವರ ರಾಜ್ಯವಾದ ಟೆನೆಸ್ಸಿಗೆ ಬಂದ ಎರಡನೇ ವರ್ಷ ಮಗಳು ಹುಟ್ಟಿದಳು. ಯಾರೋ ಒಂದು ಫಾರಂ ಕೊಟ್ಟರು, ತುಂಬಿ ಕಳಿಸಿದೆವು. ಆಮೇಲೆ ತಿಂಗಳಿಗೊಂದು ಪುಸ್ತಕ, ಮಗಳ ಹೆಸರಿಗೇ, ಪುಕ್ಕಟೆ, ಐದು ವರ್ಷ ತುಂಬುವ ತನಕ. 1995ರಲ್ಲಿ ಡಾಲಿ ತಮ್ಮ ಊರಿರುವ ಸೆವಿಯರ್ ಕೌಂಟಿಯ ಮಕ್ಕಳಿಗಾಗಿ ಶುರು ಮಾಡಿದ ಇಮ್ಯಾಜಿನೇಷನ್ ಲೈಬ್ರರಿ ಅದು. ಅವರ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ, ಆ ನೋವಿನಿಂದ ಹುಟ್ಟಿದ ಕೆಲಸ. ಆ ಪುಸ್ತಕಗಳನ್ನು ಓದಿ ಹೇಳುತ್ತಾ ಹೇಳುತ್ತಾ, ಈಕೆ ಯಾರು ಅಂತ ಹಾಡು ಕೇಳಲು ಶುರು ಮಾಡಿದೆ. ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ನಾನು ಶನಿವಾರ ಕೈಜೋಡಿಸುವ ನಮ್ಮ ಊರಿನ ಪುಟ್ಟ ಮ್ಯೂಸಿಯಂನಲ್ಲಿ ಡಾಲಿ ಅವರ ವೃತ್ತಿಬದುಕಿನ ಮೇಲೆ ಪ್ರದರ್ಶನ ಮಾಡೋಣ ಅಂದಾಗ, ವಸ್ತುಗಳನ್ನು ಜೋಡಿಸುವುದು ಮತ್ತು ಲೇಬಲ್ ಬರೆಯುವುದು ನನಗಿರಲಿ ಅಂತ ನಾನೇ ಕೇಳಿ ತೆಗೆದುಕೊಂಡೆ. ಎರಡು ಕೋಣೆ, 12 ವಾರ. ಡಾಲಿ ಅವರ ಸ್ವಂತ ವಸ್ತು ಒಂದೂ ನಮ್ಮಲ್ಲಿಲ್ಲ. ಇದ್ದದ್ದು ಊರಿನವರು ಎರವಲು ಕೊಟ್ಟ ಎಲ್‌ಪಿಗಳು, ಟಿಕೆಟ್ ತುಂಡುಗಳು, ಪೋಸ್ಟರ್‌ಗಳು, ಫೋಟೋಗಳು.

ಮೊದಲ ಸಭೆಯಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು ಒಂದು ಉದ್ದ ಗೋಡೆ, ಅದರ ಮೇಲೆ ಇಸವಿಗಳು. 1946ರಲ್ಲಿ ಹುಟ್ಟು, 12 ಮಕ್ಕಳಲ್ಲಿ ನಾಲ್ಕನೆಯವರು. 1959ರಲ್ಲಿ, 13ರ ವಯಸ್ಸಿನಲ್ಲಿ, ಕಂಟ್ರಿ ಸಂಗೀತದ ಹೆಸರಾಂತ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆ. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ಗೆ ಬಸ್ಸು. 1967ರಲ್ಲಿ ಗಾಯಕ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮ. 1999ರಲ್ಲಿ ಕಂಟ್ರಿ ಸಂಗೀತದ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್. ಎಲ್ಲ ಸರಿಯೇ. ಆದರೆ ಗೋಡೆ ಮೇಲಿನ ಇಸವಿಗಳನ್ನು ಜನ ನಡೆಯುತ್ತಲೇ ಓದುತ್ತಾರೆ, ನಿಲ್ಲುವುದಿಲ್ಲ. ಇದು ನನ್ನ ಊಹೆಯಲ್ಲ. ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ ಮೂರು ಸಲ ಹೋಗಿ, ವಸ್ತುಗಳನ್ನು ಬಿಟ್ಟು ನೋಡುವವರನ್ನೇ ನೋಡುತ್ತಾ ನಿಂತಿದ್ದೆ. ಚಿನ್ನದ ಬಣ್ಣದ ರೆಕಾರ್ಡುಗಳ ಗೋಡೆ ಮುಂದೆ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ಹಳೇ ಕಾಲದ ಕಂಟ್ರಿ ಗಾಯಕಿ ಮೇಬೆಲ್ ಕಾರ್ಟರ್ ಅವರ 1928ರ ಗಿಬ್ಸನ್ ಗಿಟಾರ್ ಮುಂದೆ ಬಂದವರು ಮಾತ್ರ ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಕೈ ಆಡಿದ ವಸ್ತು ಅದು.

ಅಲ್ಲಿಂದ ಬಂದವನೇ ಇಸವಿಗಳನ್ನೆಲ್ಲ ಬಾಗಿಲ ಹತ್ತಿರ ಒಂದೇ ಬೋರ್ಡಿಗೆ ಇಳಿಸೋಣ, ಉಳಿದ ಜಾಗದಲ್ಲಿ ಅವರ ಕೈ ಕೆಲಸ ಮಾಡಿದ ಕಥೆಗಳನ್ನು ಇಡೋಣ ಅಂತ ಹಟ ಹಿಡಿದೆ.

ಮೊದಲನೆಯದು ರಸೀದಿ. ಚಿಂದಿ ಬಟ್ಟೆ ಜೋಡಿಸಿ ಅಮ್ಮ ಹೊಲಿದುಕೊಟ್ಟ ಕೋಟು ತೊಟ್ಟು ಶಾಲೆಗೆ ಹೋದರೆ ಮಕ್ಕಳು ನಕ್ಕರು. ಆ ಕಥೆ ಹಾಡಾಗಿ ಹೊಳೆದಾಗ ಡಾಲಿ ಪ್ರವಾಸದ ಬಸ್ಸಿನಲ್ಲಿದ್ದರು, ಕಾಗದ ಇರಲಿಲ್ಲ. ವ್ಯಾಗನರ್ ಅವರ ಸೂಟಿನ ಡ್ರೈಕ್ಲೀನಿಂಗ್ ರಸೀದಿಯ ಮೇಲೆ ಬರೆದರು. 'ಕೋಟ್ ಆಫ್ ಮೆನಿ ಕಲರ್ಸ್' ಅನ್ನುವ ಆ ಹಾಡು 1971ರಲ್ಲಿ ಹೊರಬಂತು. ಆ ರಸೀದಿ ನಮಗೆಲ್ಲಿ ಸಿಗಬೇಕು? ನಾನು ಊರಿನ ಡ್ರೈಕ್ಲೀನಿಂಗ್ ಅಂಗಡಿಗೆ ಹೋಗಿ ಖಾಲಿ ರಸೀದಿಗಳ ಒಂದು ಕಟ್ಟು ಕೇಳಿ ತಂದೆ. ಮೇಜು, ಪೆನ್ಸಿಲ್, ರಸೀದಿ. ನಿಮ್ಮ ಅಮ್ಮನ ಬಗ್ಗೆ ನಾಲ್ಕು ಸಾಲು ಬರೆಯಿರಿ, ಅಷ್ಟೇ. ಆ ಚೂರು ಕಾಗದದಲ್ಲಿ ನಾಲ್ಕು ಸಾಲು ಹಿಡಿಸುವುದು ಎಷ್ಟು ಕಷ್ಟ ಅಂತ ಬರೆಯಲು ಕೂತಾಗಲೇ ಗೊತ್ತಾಗುವುದು.

ಎರಡನೆಯದು ಉಗುರು. 1980ರ 'ನೈನ್ ಟು ಫೈವ್' ಸಿನಿಮಾದ ಸೆಟ್ಟಿನಲ್ಲಿ ಕೂತು ತಮ್ಮ ಅಕ್ರಿಲಿಕ್ ಉಗುರುಗಳನ್ನು ಒಂದಕ್ಕೊಂದು ಉಜ್ಜಿ, ಟೈಪ್‌ರೈಟರ್ ಸದ್ದಿನ ತಾಳ ಹಿಡಿದು ಹಾಡು ಕಟ್ಟಿದವರು ಅವರು. ಒಂದು ಹಳೇ ಆಫೀಸ್ ಮೇಜು ಇಟ್ಟೆವು, ತಾಳ ಹಾಕಿ ನೋಡಿ ಅಂತ. ಉಗುರಿಲ್ಲದ ಮಕ್ಕಳು ನಾಣ್ಯ ತೆಗೆದು ಬಡಿದರು.

ಮೂರನೆಯದು ತುಂಬಾ ಯೋಚನೆಗೆ ಹಚ್ಚಿತು. ಪೋರ್ಟರ್ ವ್ಯಾಗನರ್ ಜೊತೆ ಏಳು ವರ್ಷ ಹಾಡಿ, 1974ರಲ್ಲಿ ಬೇರೆಯಾಗುವ ಮುನ್ನ ಅವರಿಗಾಗಿಯೇ ಬರೆದ ವಿದಾಯದ ಹಾಡು 'ಐ ವಿಲ್ ಆಲ್ವೇಸ್ ಲವ್ ಯು'. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಬೇಕೆಂದಿದ್ದರು, ಅವರ ಮ್ಯಾನೇಜರ್ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಕೇಳಿದರು, ಡಾಲಿ ಕೊಡಲಿಲ್ಲ. ನನ್ನ ಪ್ರಕಾರ ಅವರ ಇಡೀ ವೃತ್ತಿಬದುಕಿನ ದೊಡ್ಡ ನಿರ್ಧಾರ ಇದು. ಆದರೆ "ಇಲ್ಲ" ಅಂದದ್ದನ್ನು ಗೋಡೆಗೆ ತೂಗುಹಾಕುವುದು ಹೇಗೆ ಹೇಳಿ. ಕೊನೆಗೆ ಮೂರು ರೆಕಾರ್ಡುಗಳನ್ನು ಸಾಲಾಗಿ ಹಾಕಿದೆವು: ಡಾಲಿ ಅವರ 1974ರದ್ದು, ಅವರೇ ಮತ್ತೆ ಹಾಡಿದ 1982ರದ್ದು, ವಿಟ್ನಿ ಹ್ಯೂಸ್ಟನ್ ಅವರ 1992ರದ್ದು. ಕೆಳಗೆ ಹಾಡಿದವರ ಹೆಸರು, ಬರೆದವರ ಹೆಸರು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ರೆಕಾರ್ಡಿನಷ್ಟು ಜಾಗ ಖಾಲಿ ಬಿಟ್ಟೆವು. "ಇಲ್ಲಿಂದ ಏನೋ ಬಿದ್ದುಹೋಗಿದೆ" ಅಂತ ದಿನಕ್ಕೊಬ್ಬರಾದರೂ ಬಂದು ಹೇಳುತ್ತಿದ್ದರು. ಆಗ ಕಥೆ ಹೇಳಲು ಸಲೀಸಾಗುತ್ತಿತ್ತು.

ಈಗ ಉಡುಪಿನ ವಿಷಯ. ಒಬ್ಬ ಸಂಗ್ರಾಹಕಿ 70ರ ದಶಕದ ವೇದಿಕೆ ಗೌನ್ ಒಂದನ್ನು ಕೊಟ್ಟಿದ್ದರು. ತೆಳ್ಳನೆ ಜಾಲರಿ ಬಟ್ಟೆ, ಮೈತುಂಬಾ ಚಮಕಿ, ಗಾಜಿನ ಮಣಿ, ರೈನ್‌ಸ್ಟೋನ್. ಎತ್ತಿದರೆ ತುಂಬಿದ ಚೀಲದ ಹಾಗೆ ಕೈ ಜಗ್ಗುತ್ತದೆ. ಇಂಥ ಬಟ್ಟೆಯನ್ನು ಹ್ಯಾಂಗರಿಗೆ ಹಾಕಲೇಬಾರದು, ತನ್ನ ಭಾರಕ್ಕೆ ತಾನೇ ಭುಜದಲ್ಲಿ ಹರಿಯುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೊಂಬೆಯ ವಿಷಯ. ಬಟ್ಟೆ ಅಂಗಡಿಯ ಹಳೇ ಬೊಂಬೆ ತಂದು ಮೇಲಿನಿಂದ ಇಳಿಸಹೊರಟೆ. ಭುಜದ ಹತ್ತಿರ ಸಿಕ್ಕಿಕೊಂಡಿತು. ಸ್ವಲ್ಪ, ತೀರಾ ಸ್ವಲ್ಪ ಎಳೆದೆ. ಟಪ್ ಅಂತ ಒಂದು ದಾರ ಹರಿದು ಮಣಿಗಳು ನೆಲದ ತುಂಬಾ ಓಡಿದವು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮೊಣಕಾಲೂರಿ ಹುಡುಕಿದೆವು. 31 ಮಣಿ ಸಿಕ್ಕವು. ಸಣ್ಣ ಚೀಲಕ್ಕೆ ಹಾಕಿ ನಂಬರ್ ಬರೆದು, ಹರಿದ ಜಾಗದ ಫೋಟೋ ತೆಗೆದು, ಅವತ್ತೇ ರಾತ್ರಿ ಆಕೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೇಳಿಕೊಂಡು, "ಹಾಗೇ ಇಡಿ, ಆಮೇಲೆ ಹೊಲಿಸೋಣ" ಅಂದರು. ಮರುದಿನ ಬಟ್ಟೆ ಸಂರಕ್ಷಣೆ ಬಲ್ಲ ಒಬ್ಬರನ್ನು ವಿಚಾರಿಸಿದೆ. ಅವರು ಹೇಳಿದ್ದು: ಬೊಂಬೆ ಯಾವಾಗಲೂ ಉಡುಪಿಗಿಂತ ಚಿಕ್ಕದಿರಬೇಕು, ಆಮೇಲೆ ತುಂಬಿಸಿ ತುಂಬಿಸಿ ಅಳತೆಗೆ ತರಬೇಕು. ಗೌನನ್ನು ಮೇಜಿನ ಮೇಲೆ ಮಲಗಿಸಿ ಅಳೆದೆ. ಸೊಂಟ 23 ಇಂಚು! ಅಂಗಡಿ ಬೊಂಬೆ ಕೈಬಿಟ್ಟು, ಇಥಾಫೋಮ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಫೋಮ್ ಕೊರೆದು ಮುಂಡ ಮಾಡಿ, ಪಾಲಿಯೆಸ್ಟರ್ ಹತ್ತಿಯನ್ನು ಪದರ ಪದರವಾಗಿ ಸುತ್ತಿ, ಮೇಲೆ ಹತ್ತಿಯ ಹೆಣೆದ ಬಟ್ಟೆ ಹೊದಿಸಿದೆ. ನಾಲ್ಕು ಸಂಜೆ ಹಿಡಿಯಿತು. ತೊಡಿಸುವಾಗ ಜಿಪ್ ಪೂರ್ತಿ ತೆಗೆದು, ಇಬ್ಬರು ಗೌನಿನ ಭಾರ ಹೊತ್ತು, ಮೂರನೆಯವರು ಬೊಂಬೆಯನ್ನು ಒಳಗೆ ತಂದರು. ಯಾರೂ ಏನನ್ನೂ ಎಳೆಯಲಿಲ್ಲ.

ಆ ಗೌನಿನ ಲೇಬಲ್ ಬಗ್ಗೆ ಜಗಳವೇ ಆಯಿತು. "ಆ ಕಾಲದ ವೇದಿಕೆ ಉಡುಪು" ಅಂತಷ್ಟೇ ಬರೆದರೆ ಸಾಕು ಅಂದರು ಕೆಲವರು. ಹಾಗೆ ಬರೆದರೆ ನೋಡಿದವರು ಡಾಲಿ ಅವರದ್ದೇ ಅಂದುಕೊಂಡು ಹೋಗುತ್ತಾರೆ, ಅಲ್ವಾ? ನಾನು ಮೊದಲ ಸಾಲಿನಲ್ಲೇ ಬರೆದೆ: ಇದು ಡಾಲಿ ಪಾರ್ಟನ್ ತೊಟ್ಟದ್ದಲ್ಲ. ಆಮೇಲೆ ಇಂಥದ್ದನ್ನು ಎಷ್ಟು ಮಣಿ ಪೋಣಿಸಿ ಹೊಲಿಯುತ್ತಾರೆ ಅಂತ ವಿವರಿಸಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸುಮ್ನೆ ನಾವೇ ಹೆದರಿದ್ದೆವು.

ಲೈಟಿನ ಬಗ್ಗೆಯೂ ಹೇಳಬೇಕು. ಬಟ್ಟೆ, ಕಾಗದ ಇವಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು. ನಾನು ಮೀಟರ್ ಹಿಡಿದಾಗ ಎಲ್‌ಪಿ ಕವರುಗಳ ಮೇಲೆ 210 ಇತ್ತು. ಇಳಿಸಿದರೆ ಕೋಣೆ ಮಂಕು ಅನಿಸಿತು. ಬಾಗಿಲ ಬಳಿಯ ಲೈಟನ್ನೂ ತಗ್ಗಿಸಿದ ಮೇಲೆ ಸರಿಹೋಯಿತು, ಒಳಗೆ ಬರುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ.

ಕೋಟಿನ ಭಾಗಕ್ಕೆ ಮುಟ್ಟಿ ನೋಡುವ ಮೇಜು ಬೇಕಿತ್ತು. ಡಾಲಿ ಅವರ ಥೀಮ್ ಪಾರ್ಕ್ ಡಾಲಿವುಡ್‌ನಲ್ಲಿ ಜನ ನೋಡುತ್ತಾ ಬಂದ ಕೋಟು ಕೂಡ ಪ್ರತಿಕೃತಿಯೇ. ಊರಲ್ಲಿ ಕ್ವಿಲ್ಟ್ ಹೊಲಿಯುವ ಅಜ್ಜಿಯರ ಗುಂಪನ್ನು ಕೇಳಲು ಹೋದಾಗ ನಮ್ಮ ಅಜ್ಜಿ ಹೊಲಿದ ಕೌದಿಯನ್ನೂ ಒಯ್ದಿದ್ದೆ. ನಮ್ಮದು ಹಾವೇರಿ ಕಡೆ. ಅದನ್ನು ಕೈಗೆ ಕೊಟ್ಟ ತಕ್ಷಣ ಒಬ್ಬರು ಮಾಡಿದ ಮೊದಲ ಕೆಲಸ, ತಿರುವಿ ಹಿಂಬದಿಯ ಹೊಲಿಗೆ ನೋಡಿದ್ದು. ಒಳಗೆ ಹತ್ತಿ ಇಲ್ವಾ ಅಂತ ಹಿಸುಕಿದರು. ಇಲ್ಲ, ಹಳೇ ಸೀರೆ ಪದರಗಳೇ ಅಂದೆ. ಇದು ಯಾರದು, ಇದು ಯಾರದು ಅಂತ ಬೆರಳಿಟ್ಟು ಕೇಳುತ್ತಾ ಹೋದರು. ಇದು ಅಜ್ಜನ ಧೋತರ, ಇದು ಸೋದರತ್ತೆಯ ಇಳಕಲ್ ಸೀರೆ, ಈ ಖಾಕಿ ನನ್ನ ಶಾಲೆ ಚಡ್ಡಿ. ಅವರು ತಮ್ಮ ಅಮ್ಮಂದಿರು ಹಿಟ್ಟಿನ ಚೀಲದ ಹೂವಿನ ಬಟ್ಟೆಯಿಂದ ಫ್ರಾಕು, ಕ್ವಿಲ್ಟು ಹೊಲಿದದ್ದನ್ನು ಹೇಳಿದರು. ಕೌದಿ ಪ್ರದರ್ಶನಕ್ಕೆ ಹೋಗಲಿಲ್ಲ, ಅದಕ್ಕೆ ಅಲ್ಲಿ ಕೆಲಸ ಇರಲಿಲ್ಲ. ಆದರೆ ಕೋಟಿನ ಲೇಬಲ್ಲನ್ನು ಅವತ್ತು ರಾತ್ರಿ ಪೂರ್ತಿ ತಿದ್ದಿದೆ. 180 ಪದ ಇದ್ದದ್ದು 60ಕ್ಕೆ ಇಳಿಯಿತು. ಬಡತನ ಅನ್ನುವ ಪದ ತೆಗೆದು, ಈ ತುಂಡು ಯಾವ ಬಟ್ಟೆಯದು ಅಂತ ಕೇಳುವ ಸಾಲು ಬಂತು.

ಕೊನೆಯ ಗೋಡೆ ಪುಸ್ತಕಗಳದ್ದು. ಮಗಳಿಗೆ ಬಂದವನ್ನೇ ಕಪಾಟಿನಲ್ಲಿಟ್ಟೆ. ಪಕ್ಕದಲ್ಲಿ ಕಾರ್ಡುಗಳು: ನಿಮ್ಮ ಮನೆಗೂ ಬಂದಿದ್ದರೆ ಮಗುವಿನ ಮೊದಲ ಹೆಸರು ಬರೆದು ತೂಗುಹಾಕಿ. ಎರಡನೇ ವಾರಕ್ಕೆ ಬೋರ್ಡ್ ತುಂಬಿತು, ಇನ್ನೊಂದು ತಂದೆವು. ಪ್ರದರ್ಶನ ಬಿಚ್ಚುವ ದಿನ ಎಲ್‌ಪಿಗಳು, ಗೌನು, ಆ 31 ಮಣಿಗಳ ಚೀಲ ಎಲ್ಲ ಅವರವರ ಮನೆಗೆ ವಾಪಸ್ ಹೋದವು. ಕಾರ್ಡುಗಳನ್ನು ಮಾತ್ರ ಮ್ಯೂಸಿಯಂ ತನ್ನಲ್ಲೇ ಇಟ್ಟುಕೊಂಡಿತು. ಆಮ್ಲ ಇಲ್ಲದ ಪೆಟ್ಟಿಗೆಯಲ್ಲಿ, ರಿಜಿಸ್ಟರ್ ನಂಬರಿನ ಜೊತೆ ಇವೆ. ಅದರಲ್ಲಿ ಒಂದರ ಮೇಲೆ ಮಗಳು ತನ್ನ ಹೆಸರನ್ನು ಕನ್ನಡದಲ್ಲೇ ಬರೆದಿದ್ದಾಳೆ.